ಟಕ್ ಟಕ್ ಸದ್ದು ಬಂದ ಕೂಡಲೇ ವೈರ್ ಕಿತ್ತುಬಿಡಿ

ಓದುಗರ ಪ್ರಶ್ನೆಗಳಿಗೆ ಉತ್ತರ

ಈ ಸಲ ಬಂದ ಪತ್ರಗಳಲ್ಲಿ ಯಾವ ಫೋನ್ ತಗೊಳ್ಳಲಿ ಅನ್ನುವ ಪ್ರಶ್ನೆ ಒಂದೂ ಇಲ್ಲ. ಕೆಟ್ಟಿದ್ದು, ಕಳೆದಿದ್ದು, ಅರ್ಧಕ್ಕೆ ನಿಂತಿದ್ದು, ಇವೇ ಜಾಸ್ತಿ. ಓದುತ್ತಾ ಹೋದ ಹಾಗೆ ಇವೆಲ್ಲ ನನಗೂ ಆಗಿವೆಯಲ್ಲ ಅನ್ನಿಸಿತು. ರಾಯಚೂರಿನ ಒಂದು ಹತ್ತಿ ಮಿಲ್ಲಿನಲ್ಲಿ ಕಂಪ್ಯೂಟರ್ ನೋಡಿಕೊಳ್ಳುವುದು ನನ್ನ ಕೆಲಸ. ಸಂಜೆ, ಭಾನುವಾರ, ಹಬ್ಬದ ರಜೆ, ಸಿಕ್ಕ ಹೊತ್ತನ್ನೆಲ್ಲ ಇದೇ ಹುಚ್ಚಿಗೆ ಕೊಟ್ಟವನು ನಾನು. ಹಾಗಾಗಿ ಈ ಸಲದ ಉತ್ತರಗಳಲ್ಲಿ ನನ್ನ ಮನೆಯ ವಿಷಯವೂ ಬಂದಿದೆ. ಪತ್ರ ಬರೆದವರ ಹೆಸರು ಹಾಕಿಲ್ಲ, ಊರು ಮಾತ್ರ ಇದೆ.

ಪ್ರಶ್ನೆ: ಸರ್, ನನ್ನ ಎಕ್ಸ್‌ಟರ್ನಲ್ ಹಾರ್ಡ್‌ಡಿಸ್ಕ್ ಒಂದು ವಾರದಿಂದ ಟಕ್ ಟಕ್ ಅಂತ ಸದ್ದು ಮಾಡುತ್ತಿದೆ. ಕಂಪ್ಯೂಟರಿಗೆ ಹಾಕಿದರೆ ಒಮ್ಮೆ ಕಾಣುತ್ತದೆ, ಒಮ್ಮೆ ಕಾಣುವುದಿಲ್ಲ. ಮಗಳ ಮದುವೆ ಫೋಟೋ, ನಾನು ಹತ್ತು ವರ್ಷ ತಯಾರು ಮಾಡಿದ ಪ್ರಶ್ನೆಪತ್ರಿಕೆ, ಎಲ್ಲ ಅದರಲ್ಲೇ ಇವೆ. ಒಂದು ರಾತ್ರಿ ಫ್ರಿಜ್‌ನಲ್ಲಿಟ್ಟರೆ ಸರಿಹೋಗುತ್ತದೆ ಅಂತ ಒಬ್ಬರು ಹೇಳಿದರು. ಮಾಡಲಾ? (ದೇವದುರ್ಗದ ಶಿಕ್ಷಕರೊಬ್ಬರು)

ಬೇಡ ಗುರುಗಳೇ, ದಯವಿಟ್ಟು ಬೇಡ. ಫ್ರಿಜ್‌ನಿಂದ ತೆಗೆದು ನಮ್ಮ ಬಿಸಿಲಿನ ಗಾಳಿಗೆ ಇಟ್ಟ ಕೂಡಲೇ ತಂಬಿಗೆಯ ಹೊರಗೆ ಬೆವರಿದ ಹಾಗೆ ಅದರ ಒಳಗೂ ನೀರಿನ ಹನಿ ಕೂರುತ್ತದೆ. ಅಲ್ಲಿಗೆ ಉಳಿದ ಆಸೆಯೂ ಹೋಯಿತು.

ಮೊದಲು ಆ ಸದ್ದು ಏನು ಅಂತ ಹೇಳುತ್ತೇನೆ. ಡಿಸ್ಕಿನ ಒಳಗೆ ಕನ್ನಡಿಯಂಥ ತಟ್ಟೆಗಳಿವೆ, ನಿಮಿಷಕ್ಕೆ 5,400 ಅಥವಾ 7,200 ಸುತ್ತು ತಿರುಗುತ್ತವೆ. ಅದರ ಮೇಲೆ ಓದುವ ಹೆಡ್ ತಟ್ಟೆಗೆ ತಾಗದೆ ತೇಲುತ್ತಿರುತ್ತದೆ. ಆ ನಡುವಿನ ಅಂತರ ನಮ್ಮ ತಲೆಗೂದಲಿನ ದಪ್ಪಕ್ಕಿಂತ ಸಾವಿರಾರು ಪಟ್ಟು ಕಡಿಮೆ. ಹೆಡ್‌ಗೆ ತನ್ನ ಜಾಗ ಸಿಗದಿದ್ದಾಗ ಅದು ಹಿಂದಕ್ಕೆ ಹೋಗಿ ಮತ್ತೆ ಹುಡುಕುತ್ತದೆ, ಮತ್ತೆ ಹಿಂದಕ್ಕೆ ಹೋಗುತ್ತದೆ. ಆ ಹೋಗಿಬರುವ ಸದ್ದೇ ನಿಮಗೆ ಕೇಳುತ್ತಿರುವ ಟಕ್ ಟಕ್. ಹೆಡ್ಡಿಗೇ ಪೆಟ್ಟಾಗಿದ್ದರೆ ಪ್ರತಿ ಸಲ ನೀವು ‘ಇನ್ನೊಮ್ಮೆ ನೋಡೋಣ’ ಅಂತ ವೈರ್ ಹಾಕಿದಾಗಲೂ ಅದು ತಟ್ಟೆಯನ್ನು ಇನ್ನಷ್ಟು ಕೆರೆಯಬಹುದು. ಆದ್ದರಿಂದ ಈಗಲೇ ವೈರ್ ಕಿತ್ತು ಒಂದು ಡಬ್ಬಿಯಲ್ಲಿ ಇಟ್ಟುಬಿಡಿ. ಈ ಸ್ಥಿತಿಯ ಡಿಸ್ಕನ್ನು ಮನೆಯಲ್ಲಿ ಏನೂ ಮಾಡಲು ಬರುವುದಿಲ್ಲ. ಧೂಳು ಇಲ್ಲದ ಕೋಣೆ ಇರುವ, ಹೆಡ್ ಬದಲಿಸಿ ಡಾಟಾ ತೆಗೆಯುವವರ ಹತ್ತಿರವೇ ಕಳಿಸಬೇಕು. ಖರ್ಚು ಎಷ್ಟು, ಡಾಟಾ ಸಿಗದಿದ್ದರೆ ಎಷ್ಟು, ಇವೆರಡನ್ನೂ ಮೊದಲೇ ಬರೆಸಿಕೊಳ್ಳಿ. ಹಳ್ಳಿ ಪೇಟೆ ಎಲ್ಲೇ ಆಗಲಿ, ‘ಬಿಚ್ಚಿ ನೋಡ್ತೀನಿ ಕೊಡ್ರಿ’ ಅಂತ ಟೇಬಲ್ ಮೇಲೆ ಬಿಚ್ಚುವವರ ಕೈಗೆ ಕೊಡಬೇಡಿ.

ಇದೇ ಡಿಸ್ಕ್ ಟಕ್ ಟಕ್ ಅನ್ನದೆ ಬರೀ ನಿಧಾನ ಆಗಿದ್ದರೆ, ಕೆಲವು ಫೈಲ್ ಮಾತ್ರ ಓದುತ್ತಿಲ್ಲ ಅಂತಾಗಿದ್ದರೆ ಉತ್ತರ ಬೇರೆ ಇರುತ್ತಿತ್ತು. ಆಗ ವಿಂಡೋಸ್ ಬದಲು ಬಳಸುವ ಉಚಿತ ವ್ಯವಸ್ಥೆಯಾದ ಲಿನಕ್ಸ್‌ನಲ್ಲಿ ಡಿಡಿರೆಸ್ಕ್ಯೂ ಅನ್ನುವ ಉಚಿತ ಸಾಧನ ಬಳಸಿ ಇಡೀ ಡಿಸ್ಕಿನ ನಕಲನ್ನು ಇನ್ನೊಂದು ಒಳ್ಳೆಯ ಡಿಸ್ಕಿಗೆ ಇಳಿಸಿಕೊಂಡು, ಆ ನಕಲಿನ ಮೇಲೆ ಫೋಟೋರೆಕ್ ಅನ್ನುವ ಇನ್ನೊಂದು ಸಾಧನ ಓಡಿಸಿ ಫೋಟೋ ಹುಡುಕಬಹುದು. ಮೂಲ ಡಿಸ್ಕಿನ ಮೇಲೆ ನೇರವಾಗಿ ಹುಡುಕಬಾರದು.

ನನ್ನ ಡಿಸ್ಕ್ ಹೋಗಿದ್ದು 2021ರ ಮೇ ತಿಂಗಳ ಒಂದು ರಾತ್ರಿ. ಅದರಲ್ಲಿ ನಮ್ಮ ಅಜ್ಜಿಯ ಹಾಡುಗಳಿದ್ದವು. ಬೀಸುವ ಪದ, ಸೋಬಾನೆ ಪದ, ತೊಟ್ಟಿಲ ಪದ, ಒಟ್ಟು 41. ನಾಲ್ಕು ವರ್ಷ ಊರಿಗೆ ಹೋದಾಗೆಲ್ಲ ಫೋನ್ ಮುಂದಿಟ್ಟು ಹಾಡಿಸಿದ್ದೆ. ಅಜ್ಜಿ ಅಷ್ಟೊತ್ತಿಗೆ ತೀರಿಕೊಂಡು ವರ್ಷವಾಗಿತ್ತು. ‘ಬ್ಯಾಕಪ್’ ಅಂತ ಹೆಸರಿಟ್ಟ ಫೋಲ್ಡರ್ ಕೂಡ ಅದೇ ಡಿಸ್ಕಿನಲ್ಲಿತ್ತು. ಅವತ್ತು ಸದ್ದು ಕೇಳಿದ ಮೇಲೂ ಬೆಳಗಿನ ತನಕ ಮತ್ತೆ ಮತ್ತೆ ವೈರ್ ಹಾಕಿ ನೋಡಿದೆ. ಆ ತಪ್ಪು ನನಗೆ ಇವತ್ತಿಗೂ ಹೊಟ್ಟೆಯಲ್ಲಿ ಕಲ್ಲಿಟ್ಟ ಹಾಗೆ ಇದೆ. ಕೊನೆಗೆ ಸಿಕ್ಕಿದ್ದು 9 ಹಾಡು. ಅವೂ ಡಿಸ್ಕಿನಿಂದ ಸಿಗಲಿಲ್ಲ, ಲಿಂಗಸುಗೂರಿನ ಚಿಕ್ಕಮ್ಮನ ಮಗಳ ಫೋನಿನಲ್ಲಿ ಉಳಿದಿದ್ದವು, ಯಾವಾಗಲೋ ವಾಟ್ಸಾಪ್‌ನಲ್ಲಿ ಕಳಿಸಿದ್ದೆ. ಅದರಲ್ಲೊಂದು ಹಾಡಿನ ನಡುವೆ ಅಜ್ಜಿ ನಿಲ್ಲಿಸಿ, ‘ಇನ್ನೂ ನಡದೈತೇನೋ ಅದು?’ ಅಂತ ಫೋನಿನ ಬಗ್ಗೆ ಕೇಳುತ್ತಾಳೆ. ಹಿಂದೆ ಕೋಳಿ ಕೂಗುತ್ತದೆ.

ಬ್ಯಾಕಪ್ ಅಂದರೆ ಏನು ಅಂತ ನಾನು ಆಮೇಲೆ ಕೊಪ್ಪಳದ ಗವಿಮಠದ ಬಂಡೆ ಮುಂದೆ ನಿಂತು ಯೋಚಿಸಿದೆ. ಅಶೋಕ ತನ್ನ ಮಾತನ್ನು ಒಂದೇ ಕಲ್ಲಿನ ಮೇಲೆ ಬರೆಸಿ ಸುಮ್ಮನಾಗಲಿಲ್ಲ. ನಮ್ಮ ಮಸ್ಕಿಯಲ್ಲಿದೆ, ಕೊಪ್ಪಳದ ಗವಿಮಠದಲ್ಲಿದೆ, ಅಲ್ಲೇ ಪಾಲ್ಕಿಗುಂಡಿನಲ್ಲಿದೆ, ಬಳ್ಳಾರಿ ಜಿಲ್ಲೆಯ ನಿಟ್ಟೂರು, ಉಡೇಗೊಳದಲ್ಲಿದೆ. ಹೆಚ್ಚುಕಡಿಮೆ ಅದೇ ಮಾತು. ಪಾಲ್ಕಿಗುಂಡಿನದು ಬಹಳ ಸವೆದಿದೆ, ಗವಿಮಠದ್ದು ಚೆನ್ನಾಗಿ ಉಳಿದಿದೆ. ಅವನ ಶಾಸನಗಳಲ್ಲಿ ಅಶೋಕ ಅನ್ನುವ ಹೆಸರು ಮೊದಲು ಸಿಕ್ಕಿದ್ದೇ 1915ರಲ್ಲಿ, ಮಸ್ಕಿಯ ಕಲ್ಲಿನಲ್ಲಿ. ಒಂದು ಕಡೆ ಸವೆದದ್ದು ಇನ್ನೊಂದು ಕಡೆ ಓದಲು ಸಿಗುತ್ತದೆ. ಕಂಪ್ಯೂಟರಿನವರು ಇದನ್ನೇ 3-2-1 ಅನ್ನುತ್ತಾರೆ: ಮೂರು ಪ್ರತಿ, ಎರಡು ಬೇರೆ ಬೇರೆ ಥರದ ಸಾಧನದಲ್ಲಿ, ಒಂದು ಮನೆಯಿಂದ ಹೊರಗೆ. ಗುರುಗಳೇ, ಮದುವೆ ಫೋಟೋಗಳ ಬಗ್ಗೆ ಫೋಟೋ ತೆಗೆದವರನ್ನು ಇವತ್ತೇ ಕೇಳಿ, ಬೀಗರ ಮನೆಯವರನ್ನೂ ಕೇಳಿ. ಎಷ್ಟೋ ಸಲ ಅಲ್ಲಿ ಸಿಗುತ್ತವೆ.

ಪ್ರಶ್ನೆ: ಅಣ್ಣಾ, ಕೊಪ್ಪಳ ಜಿಲ್ಲೆಯಲ್ಲಿ ಇಂಜಿನಿಯರಿಂಗ್ ಓದುತ್ತಿದ್ದೇನೆ. ಸೆಪ್ಟೆಂಬರ್‌ನಲ್ಲಿ ಸಾಫ್ಟ್‌ವೇರ್ ಫ್ರೀಡಂ ಡೇ ದಿನ ನನಗೆ ಇಪ್ಪತ್ತು ನಿಮಿಷ ಮಾತಾಡಲು ಹೇಳಿದ್ದಾರೆ. ನನ್ನ ಇಂಗ್ಲಿಷ್ ಅಷ್ಟಕ್ಕಷ್ಟೆ. ಕನ್ನಡದಲ್ಲಿ ಮಾತಾಡಿದರೆ ನಗುತ್ತಾರೇನೋ ಅಂತ ಭಯ. ನಾನು ಮಾಡಿದ ಪ್ರಾಜೆಕ್ಟ್ ಕೂಡ ಅರ್ಧಕ್ಕೇ ನಿಂತಿದೆ. ಏನು ಹೇಳಲಿ? (ಕುಷ್ಟಗಿಯ ವಿದ್ಯಾರ್ಥಿನಿ)

ಕನ್ನಡದಲ್ಲೇ ಮಾತಾಡು ತಂಗೀ. ಅರ್ಧಕ್ಕೆ ನಿಂತದ್ದನ್ನೇ ಹೇಳು.

ನಮ್ಮ ರಾಯಚೂರಲ್ಲಿ ನಾವು ಕೆಲವರು ತಿಂಗಳಿಗೊಂದು ಭಾನುವಾರ ಸೇರುತ್ತೇವೆ. ಒಂದು ಕಾಲೇಜಿನವರು ಲ್ಯಾಬ್ ಬಿಟ್ಟುಕೊಡುತ್ತಾರೆ. ಬೇಸಿಗೆಯಲ್ಲಿ ಬೆಳಿಗ್ಗೆ ಏಳೂವರೆಗೇ ಶುರು, ಹತ್ತಕ್ಕೆ ಮುಗಿಸಬೇಕು, ಆಮೇಲೆ ಆ ತಗಡಿನ ಛಾವಣಿ ಕೆಳಗೆ ಯಾರಿಗೂ ಕೂರಲು ಆಗುವುದಿಲ್ಲ. ಅಲ್ಲಿ ನಾನು ಮೊದಲ ಸಲ ಮಾತಾಡಲು ನಿಂತಾಗ 46 ಸ್ಲೈಡ್ ಮಾಡಿಕೊಂಡು ಹೋಗಿದ್ದೆ, ಎಲ್ಲ ಇಂಗ್ಲಿಷ್‌ನಲ್ಲಿ. ಬಂದಿದ್ದವರು ಹನ್ನೊಂದು ಜನ. ಮೂರನೇ ನಿಮಿಷಕ್ಕೆ ಕರೆಂಟ್ ಹೋಯಿತು. ಪ್ರೊಜೆಕ್ಟರ್ ಆರಿತು, ಫ್ಯಾನ್ ನಿಂತಿತು. ನನಗೆ ಮುಂದೆ ಒಂದು ಮಾತೂ ಹೊಳೆಯಲಿಲ್ಲ. ಬಾಯಿ ಒಣಗಿ ನಿಂತುಬಿಟ್ಟೆ. ಬಸ್‌ಸ್ಟ್ಯಾಂಡ್ ಹತ್ತಿರ ಮೊಬೈಲ್ ರಿಪೇರಿ ಅಂಗಡಿ ಇಟ್ಟವರೊಬ್ಬರು ಹಿಂದಿನ ಬೆಂಚಿನಲ್ಲಿ ಕೂತಿದ್ದರು. ಅವರು ಕೇಳಿದರು: ‘ಸರ್, ಅದಿರಲಿ ಬಿಡ್ರಿ. ನಿಮ್ದು ಯಾವಾಗಾದ್ರೂ ಏನಾದ್ರೂ ಕೆಟ್ಟೈತೇನು?’

ಆಗ ಅಜ್ಜಿಯ ಹಾಡಿನ ಡಿಸ್ಕಿನ ಕಥೆ ಹೇಳಿದೆ, ನಮ್ಮ ಮಾತಿನಲ್ಲಿ, ಮೊದಲಿಂದ ಕೊನೆ ತನಕ, ಏನೇನು ತಪ್ಪು ಮಾಡಿದೆ ಅನ್ನುವುದನ್ನೂ ಬಿಡದೆ. ಒಂದು ಗಂಟೆ ಯಾರೂ ಏಳಲಿಲ್ಲ. ಆ ರಿಪೇರಿಯವರು ಎದ್ದು ಬಂದು ಎಡಗೈ ಅಂಗೈಯನ್ನು ತಟ್ಟೆ ಮಾಡಿ ಬಲಗೈ ಬೆರಳನ್ನು ಹೆಡ್ ಮಾಡಿ ಅದು ಹೇಗೆ ಕೆರೆಯುತ್ತದೆ ಅಂತ ತೋರಿಸಿದರು. ಮೇಲೆ ಗುರುಗಳಿಗೆ ಬರೆದ ಉತ್ತರದಲ್ಲಿ ಅರ್ಧ ಅವರಿಂದ ಕಲಿತದ್ದು. ಅವತ್ತು ಎರಡು ಹುಡುಗರು ಮನೆಗೆ ಹೋಗಿ ತಮ್ಮ ಫೋಟೋಗಳ ಪ್ರತಿ ಮಾಡಿಕೊಂಡರಂತೆ, ಮುಂದಿನ ತಿಂಗಳು ಬಂದು ಹೇಳಿದರು. ನನ್ನ 46 ಸ್ಲೈಡ್ ಯಾವತ್ತೂ ಆ ಕೆಲಸ ಮಾಡುತ್ತಿರಲಿಲ್ಲ.

ಕನ್ನಡದಲ್ಲಿ ಮಾತಾಡು ಅಂದರೆ ಫೈಲಿಗೆ ಕಡತ, ಸರ್ವರಿಗೆ ಇನ್ನೇನೋ ಅಂತ ಹುಡುಕಿ ಹೇಳು ಅಂತಲ್ಲ. ಫೈಲ್ ಫೈಲೇ. ಪಾಸ್‌ವರ್ಡ್ ಪಾಸ್‌ವರ್ಡೇ. ಆದರೆ ಅದು ಹೇಗೆ ಕೆಲಸ ಮಾಡುತ್ತದೆ ಅನ್ನುವುದನ್ನು ನಮ್ಮ ಸುತ್ತ ಇರುವ ವಸ್ತುವಿನಿಂದ ಹೇಳು. ಪ್ರೋಗ್ರಾಂನಲ್ಲಿ ಮಾಡಿದ ಬದಲಾವಣೆಗಳನ್ನೆಲ್ಲ ದಾಖಲಿಸಿಡುವ ಗಿಟ್ ಅನ್ನುವ ಸಾಧನದ ಬಗ್ಗೆ ನಾನು ಹೇಗೆ ಹೇಳುತ್ತೇನೆ ಗೊತ್ತಾ? ಲಿನಕ್ಸ್ ಶುರು ಮಾಡಿದ ಲೈನಸ್ ಟೊರ್ವಾಲ್ಡ್ಸ್ 2005ರಲ್ಲಿ ಅದನ್ನು ಬರೆದ ಅಂತ ಒಂದು ಮಾತು ಹೇಳಿ, ನೇರವಾಗಿ ಕಿರಾಣಿ ಅಂಗಡಿಯ ಉದ್ರಿ ಪುಸ್ತಕಕ್ಕೆ ಬರುತ್ತೇನೆ. ಯಾವ ದಿನ, ಯಾರು, ಏನು ಅಂತ ಸಾಲು ಸಾಲಾಗಿ ಬರೆಯುತ್ತಾರೆ ಅಲ್ವಾ? ಹಣ ಕಟ್ಟಿದರೆ ಹಳೇ ಸಾಲನ್ನು ಅಳಿಸುವುದಿಲ್ಲ, ಹೊಸ ಸಾಲಿನಲ್ಲಿ ಜಮಾ ಬರೆಯುತ್ತಾರೆ. ಜಗಳ ಬಂದರೆ ಹಿಂದಿನ ಪುಟ ತಿರುವಿ ನೋಡಬಹುದು. ಗಿಟ್ ಮಾಡುವುದೂ ಅದನ್ನೇ. ಇಷ್ಟು ಹೇಳಿದ ಮೇಲೆ ಪಿಯುಸಿ ಹುಡುಗರೂ ಕಮಿಟ್ (ಹೊಸ ಸಾಲು ಬರೆಯುವುದು), ರಿವರ್ಟ್ (ಹಳೇ ಸಾಲನ್ನು ಅಳಿಸದೆ ಹೊಸ ಸಾಲಿನಿಂದ ರದ್ದು ಮಾಡುವುದು) ಎರಡನ್ನೂ ತಾವೇ ವಿವರಿಸುತ್ತಾರೆ.

ಕೆಲವು ಕೈಕೆಲಸದ ಮಾತು. ಇಪ್ಪತ್ತು ನಿಮಿಷಕ್ಕೆ ಒಂದೇ ವಿಷಯ. ಅಕ್ಷರ ದೊಡ್ಡದಿರಲಿ, ಹಿಂದಿನ ದಿನವೇ ಕೊನೇ ಬೆಂಚಿಗೆ ಹೋಗಿ ಕೂತು ಓದಿ ನೋಡು. ಮಾಡಿ ತೋರಿಸುವುದು ಏನಾದರೂ ಇದ್ದರೆ ಅದರ ವಿಡಿಯೋ ಮೊದಲೇ ತೆಗೆದು ಫೋನಿನಲ್ಲೂ ಪೆನ್‌ಡ್ರೈವ್‌ನಲ್ಲೂ ಇಟ್ಟುಕೋ, ವೇದಿಕೆ ಮೇಲೆ ಇಂಟರ್ನೆಟ್ ಕೈಕೊಡುತ್ತದೆ. ಪ್ರಾಜೆಕ್ಟ್ ಎಲ್ಲಿ ನಿಂತಿದೆ ಅನ್ನುವುದನ್ನು ಮೊದಲ ನಿಮಿಷದಲ್ಲೇ ಹೇಳಿಬಿಡು: ‘ಇಲ್ಲಿಗೆ ಬಂದು ಸಿಕ್ಕಿಹಾಕಿಕೊಂಡಿದ್ದೇನೆ, ನಿಮಗೆ ಗೊತ್ತಿದ್ದರೆ ಹೇಳಿ.’ ಆ ಕೋಣೆಯಲ್ಲಿ ಒಬ್ಬರಿಗಾದರೂ ಅದೇ ಜಾಗದಲ್ಲಿ ಸಿಕ್ಕಿಕೊಂಡ ಅನುಭವ ಇರುತ್ತದೆ. ಈ ಸಾಫ್ಟ್‌ವೇರ್ ಫ್ರೀಡಂ ಡೇಯನ್ನು ಜಗತ್ತಿನ ಬೇರೆ ಬೇರೆ ಕಡೆ 2004ರಿಂದ ಆಚರಿಸುತ್ತಿದ್ದಾರೆ, ಈಗ ಸೆಪ್ಟೆಂಬರ್ ಮೂರನೇ ಶನಿವಾರ ಬರುತ್ತದೆ. ತಂತ್ರಾಂಶವನ್ನು ಬಳಸಲು, ತಿದ್ದಲು, ಹಂಚಲು ಎಲ್ಲರಿಗೂ ಸ್ವಾತಂತ್ರ್ಯ ಇರಬೇಕು ಅನ್ನುವುದು ಅದರ ಆಸೆ. ಅಂಥ ದಿನ ನಿನ್ನ ಭಾಷೆಗೆ ನಗುವವರಿದ್ದರೆ ಅವರು ಬಂದ ಕೆಲಸ ಮರೆತಿದ್ದಾರೆ. ನೀನು ಮುಂದುವರಿಸು.

ಪ್ರಶ್ನೆ: ಹೊಲದ ಮೋಟರ್ ಶೆಡ್ಡಿನಲ್ಲಿ ಅಂಗೈಯಗಲದ ಕಂಪ್ಯೂಟರ್ ರಾಸ್ಪ್‌ಬೆರಿ ಪೈ ಇಟ್ಟು ಮಣ್ಣಿನ ತೇವ, ತೊಟ್ಟಿಯ ನೀರಿನ ಮಟ್ಟ ಫೋನಿಗೆ ಬರುವ ಹಾಗೆ ಮಾಡಿಕೊಂಡಿದ್ದೇನೆ. ಎರಡು ತಿಂಗಳಿಗೊಮ್ಮೆ ಮೆಮೊರಿ ಕಾರ್ಡ್ ಕೆಡುತ್ತದೆ. ಮಣ್ಣಿಗೆ ಚುಚ್ಚಿದ ಸೆನ್ಸರ್ ತುಕ್ಕು ಹಿಡಿದು ಸುಳ್ಳು ಹೇಳುತ್ತದೆ. ಬಿಟ್ಟುಬಿಡಲಾ? (ಸಿರುಗುಪ್ಪದ ರೈತರೊಬ್ಬರು)

ಬಿಡಬೇಡಿ ಅಣ್ಣಾರೆ, ಎರಡಕ್ಕೂ ಪರಿಹಾರ ಇದೆ. ಕಾರ್ಡ್ ಕೆಡುವುದು ಹೆಚ್ಚಾಗಿ ಕರೆಂಟ್‌ನಿಂದ. ಹೊಲದ ಲೈನಿನಲ್ಲಿ ಕರೆಂಟ್ ಬರುವುದೂ ಹೋಗುವುದೂ ನಮ್ಮ ಕೈಯಲ್ಲಿಲ್ಲ. ಪೈ ಕಾರ್ಡಿಗೆ ಏನೋ ಬರೆಯುತ್ತಿರುವಾಗಲೇ ಕರೆಂಟ್ ಹೋದರೆ ಬರಹ ಅರ್ಧಕ್ಕೆ ನಿಲ್ಲುತ್ತದೆ, ಹಾಗೆ ಹತ್ತು ಸಲ ಆದರೆ ಕಾರ್ಡಿನ ಲೆಕ್ಕವೇ ಕಲಸಿಹೋಗುತ್ತದೆ. ಪೈಯ ಸೆಟ್ಟಿಂಗ್ ಬದಲಿಸುವ ರಾಸ್ಪಿ ಕಾನ್ಫಿಗ್ ಒಳಗೆ ಓವರ್‌ಲೇ ಫೈಲ್ ಸಿಸ್ಟಂ ಅಂತ ಒಂದು ಆಯ್ಕೆ ಇದೆ. ಅದನ್ನು ಆನ್ ಮಾಡಿದರೆ ಕಾರ್ಡನ್ನು ಓದುವುದು ಮಾತ್ರ, ಬರೆಯುವುದೆಲ್ಲ ಕರೆಂಟ್ ಹೋದರೆ ಅಳಿಸಿಹೋಗುವ ರ್‍ಯಾಮ್‌ನಲ್ಲಿ. ಆಗ ಕರೆಂಟ್ ಹೋದರೂ ಕಾರ್ಡಿಗೆ ಪೆಟ್ಟಿಲ್ಲ. ಅದಕ್ಕೇ ಅಳತೆಗಳನ್ನು ಅಲ್ಲೇ ಕೂಡಿಡದೆ ಆಗಾಗ ಹೊರಗೆ ಕಳಿಸಿಬಿಡಿ. ಅಡಾಪ್ಟರ್ ಕೂಡ ನೋಡಿ. ಪೈ 4 ಆಗಿದ್ದರೆ 5.1 ವೋಲ್ಟ್, 3 ಆಂಪಿಯರ್ ಕೊಡುವಂಥದ್ದೇ ಬೇಕು, ಹಳೇ ಫೋನಿನ ಚಾರ್ಜರ್ ಸಾಲದು. ಪರದೆ ಜೋಡಿಸಿದಾಗ ಮೂಲೆಯಲ್ಲಿ ಮಿಂಚಿನ ಗುರುತು ಬಂದರೆ ವೋಲ್ಟೇಜ್ ಕಡಿಮೆ ಬರುತ್ತಿದೆ ಅಂತ ತಿಳಿಯಿರಿ.

ಸೆನ್ಸರ್ ವಿಷಯ. ಎರಡು ಕಡ್ಡಿ ಇರುವ, ಮಣ್ಣಿನ ಮೂಲಕ ಕರೆಂಟ್ ಹರಿಸಿ ಅಳೆಯುವ ಸೆನ್ಸರ್ ತುಕ್ಕು ಹಿಡಿಯದೆ ಇರುವುದಿಲ್ಲ, ಅದರ ಕೆಲಸವೇ ಹಾಗೆ. ಕೆಪಾಸಿಟಿವ್ ಅಂತ ಕೇಳಿ ತಗೊಳ್ಳಿ. ಅದರ ಲೋಹ ಮಣ್ಣಿಗೆ ತಾಗುವುದಿಲ್ಲ. ಮೇಲಿನ ಅಂಚಿನಲ್ಲಿರುವ ಬಿಡಿಭಾಗಗಳಿಗೆ ಮಾತ್ರ ನೀರು ತಾಗಬಾರದು, ಉಗುರಿನ ಬಣ್ಣ ಎರಡು ಕೋಟ್ ಬಳಿದರೂ ನಡೆಯುತ್ತದೆ. ನಿಮ್ಮ ಕಪ್ಪು ಮಣ್ಣಿಗೆ ತಕ್ಕ ಹಾಗೆ ಒಣಗಿದಾಗ ಎಷ್ಟು, ನೀರು ಹಾಯಿಸಿದ ಮೇಲೆ ಎಷ್ಟು ಅಂತ ಎರಡು ಅಳತೆ ಬರೆದಿಟ್ಟುಕೊಂಡು ಆಮೇಲೆ ಅದರ ಮಾತು ನಂಬಿ.

ಪ್ರಶ್ನೆ: ಹತ್ತು ವರ್ಷದ ಹಿಂದೆ ನುಡಿ ತಂತ್ರಾಂಶದಲ್ಲಿ ಟೈಪ್ ಮಾಡಿದ ನಮ್ಮ ತಂದೆಯ ಲೇಖನಗಳನ್ನು ಫೋನಿನಲ್ಲಿ ತೆರೆದರೆ ಅರ್ಥವಿಲ್ಲದ ಇಂಗ್ಲಿಷ್ ಗುರುತುಗಳು ಬರುತ್ತವೆ. ಫೈಲ್ ಹಾಳಾಗಿದೆಯಾ? (ಮಾನ್ವಿ)

ಹಾಳಾಗಿಲ್ಲ, ನಿಶ್ಚಿಂತೆಯಿಂದಿರಿ. ಹಿಂದೆ ಕನ್ನಡಕ್ಕೆ ಕಂಪ್ಯೂಟರಿನಲ್ಲಿ ಸ್ವಂತ ಜಾಗ ಅಷ್ಟಾಗಿ ಬಳಕೆಗೆ ಬಂದಿರಲಿಲ್ಲ, ಇಂಗ್ಲಿಷ್ ಅಕ್ಷರಗಳ ಜಾಗದಲ್ಲೇ ಕನ್ನಡದ ತುಂಡುಗಳನ್ನು ಕೂರಿಸಿದ್ದರು. ಆ ಫಾಂಟ್ ಇದ್ದರೆ ಕನ್ನಡ ಕಾಣುತ್ತದೆ, ಇಲ್ಲದಿದ್ದರೆ ಒಳಗಿನ ಇಂಗ್ಲಿಷ್ ಗುರುತು ಕಾಣುತ್ತದೆ. ಫೋನಿನಲ್ಲಿ ಆ ಫಾಂಟ್ ಇಲ್ಲ, ಅಷ್ಟೆ. ಈಗ ಒಂದೊಂದು ಭಾಷೆಯ ಲಿಪಿಗೂ ಬೇರೆ ಜಾಗ ಕೊಡುವ ಯೂನಿಕೋಡ್‌ನಲ್ಲಿ ಕನ್ನಡಕ್ಕೇ ಅಂತ 128 ಜಾಗ ಇವೆ, ಎಲ್ಲ ಫೋನಿನಲ್ಲೂ ನಡೆಯುತ್ತದೆ. ಹಳೆಯದನ್ನು ಯೂನಿಕೋಡ್‌ಗೆ ಬದಲಿಸುವ ಪರಿವರ್ತಕಗಳು ಉಚಿತವಾಗಿ ಸಿಗುತ್ತವೆ. ಬದಲಿಸಿದ ಮೇಲೆ ಅರ್ಕಾವೊತ್ತು ಮತ್ತು ಒತ್ತಕ್ಷರ ಇರುವ ಪದಗಳನ್ನು ಕಣ್ಣಿಟ್ಟು ಓದಿ, ‘ಸೂರ್ಯ’, ‘ಕಾರ್ಯ’ದಂಥ ಕಡೆ ತಪ್ಪು ನುಸುಳುತ್ತದೆ. ಮೂಲ ಫೈಲನ್ನು ಅಳಿಸಬೇಡಿ. ನಿಮ್ಮ ತಂದೆಯವರ ಬರಹ ಇನ್ನೂ ಇದೆ ಅಂತ ಕೇಳಿ ನನಗೆ ನಿಜವಾಗಿ ಖುಷಿಯಾಯಿತು.

ಪ್ರಶ್ನೆ: ಸರ್, ನನಗೆ 29 ವರ್ಷ. ಬೆಂಗಳೂರಿನಲ್ಲಿ ಆರು ವರ್ಷ ಸಾಫ್ಟ್‌ವೇರ್ ಕೆಲಸ ಮಾಡಿದೆ. ಮೂರು ತಿಂಗಳ ಹಿಂದೆ ತೆಗೆದರು. ಊರಿಗೆ ಬಂದಿದ್ದೇನೆ. ಬಸ್‌ಸ್ಟ್ಯಾಂಡಿಗೆ ಹೋದರೂ ‘ಏನ್ರಿ, ಇನ್ನೂ ಹೋಗಿಲ್ಲೇನು?’ ಅಂತ ಕೇಳುತ್ತಾರೆ. ರಾತ್ರಿ ನಿದ್ದೆ ಬರುತ್ತಿಲ್ಲ. ಮೊನ್ನೆ ಕೆಲಸ ಕೊಡಿಸುತ್ತೇವೆ ಅಂತ ಫೋನ್ ಮಾಡಿದವರಿಗೆ 12,000 ಕಟ್ಟಿದೆ, ಈಗ ಆ ನಂಬರ್ ಸ್ವಿಚ್ ಆಫ್. ಕಂಪ್ಯೂಟರ್ ಮುಟ್ಟಲೇ ಮನಸ್ಸಿಲ್ಲ. (ಗಂಗಾವತಿ)

ತಮ್ಮಾ, ನಿನ್ನ ಪತ್ರ ಸಿಕ್ಕ ದಿನವೇ ನಾನು ಫೋನ್ ಮಾಡಿ ಸೈಬರ್ ಮೋಸದ ಸಹಾಯವಾಣಿ 1930ಕ್ಕೆ ತಿಳಿಸು ಅಂದಿದ್ದೆ, ತಿಳಿಸಿದ್ದೇನೆ ಅಂತ ನೀನು ಹೇಳಿದೆ, ಒಳ್ಳೆಯದಾಯಿತು. ಬೇರೆಯವರಿಗಾಗಿ ಮತ್ತೆ ಬರೆಯುತ್ತೇನೆ. ಆನ್‌ಲೈನ್‌ನಲ್ಲಿ ಹಣ ಮೋಸ ಹೋದರೆ ಮೊದಲು 1930ಕ್ಕೆ ಫೋನ್ ಮಾಡಬೇಕು, ಆಮೇಲೆ ಬ್ಯಾಂಕಿಗೆ. ಎಷ್ಟು ಬೇಗ ತಿಳಿಸುತ್ತೀರೋ ಅಷ್ಟು, ಹಣ ಮುಂದಿನ ಖಾತೆಗೆ ಜಾರುವ ಮೊದಲು ತಡೆಯುವ ಸಾಧ್ಯತೆ ಇರುತ್ತದೆ. ನಾಚಿಕೆಯಿಂದ ಎರಡು ದಿನ ಸುಮ್ಮನಿದ್ದರೆ ಆ ಎರಡು ದಿನ ಅವರ ಪಾಲು. ಇನ್ನು, ಕೆಲಸ ಕೊಡುವವರು ನಿನ್ನಿಂದ ಹಣ ಕೇಳುವುದಿಲ್ಲ. ನೋಂದಣಿ, ತರಬೇತಿ, ಲ್ಯಾಪ್‌ಟಾಪ್ ಡೆಪಾಸಿಟ್, ಹೆಸರು ಯಾವುದೇ ಇರಲಿ, ಹಣ ಕೇಳಿದರೆ ಫೋನ್ ಇಟ್ಟುಬಿಡು.

ಈಗ ನನ್ನ ವಿಷಯ. 2019ರಲ್ಲಿ ನನ್ನನ್ನೂ ತೆಗೆದರು. ಶುಕ್ರವಾರ ಸಂಜೆ ನಾಲ್ಕಕ್ಕೆ ಕರೆದು ಹೇಳಿದರು, ಐದಕ್ಕೆ ಲ್ಯಾಪ್‌ಟಾಪ್ ತಗೊಂಡರು. ರಾತ್ರಿ ರೈಲು ಹತ್ತಿ ಬೆಳಗಿನ ಜಾವ ರಾಯಚೂರಲ್ಲಿ ಇಳಿದೆ. ಮನೆಯಲ್ಲಿ ಹೇಳಲಿಲ್ಲ. ‘ಸ್ವಲ್ಪ ದಿನ ಮನೆಯಿಂದಲೇ ಕೆಲಸ’ ಅಂದೆ. ದಿನಾ ಬೆಳಿಗ್ಗೆ ಒಂಬತ್ತಕ್ಕೆ ಸ್ವಂತ ಹಳೇ ಲ್ಯಾಪ್‌ಟಾಪ್ ತೆರೆದು ಕೂರುತ್ತಿದ್ದೆ, ಖಾಲಿ ಪರದೆ ನೋಡುತ್ತಾ. ಮೂರು ವಾರ ಹಾಗೇ ಹೋಯಿತು. ನಮ್ಮ ತಂದೆ ಅಡತಿ ಅಂಗಡಿಯಲ್ಲಿ ಗುಮಾಸ್ತರಾಗಿದ್ದವರು. ಒಂದು ಸಂಜೆ ಚಹಾ ತಂದಿಟ್ಟು, ‘ಕೆಲಸ ಹೋಯ್ತೇನಪ್ಪಾ? ನಿನಗ ಫೋನೇ ಬರವಲ್ವು’ ಅಂದರು. ನಾನು ಅತ್ತುಬಿಟ್ಟೆ. ಅವರು ಬೇರೆ ಏನೂ ಕೇಳಲಿಲ್ಲ. ಅವತ್ತು ರಾತ್ರಿ ಮೂರು ವಾರದ ಮೇಲೆ ಹೊಟ್ಟೆ ತುಂಬ ಉಂಡೆ, ನಿದ್ದೆ ಬಂತು.

ನಿನಗೆ ಮೊದಲು ಹೇಳುವುದು ಇದೇ. ಮನೆಯಲ್ಲಿ ಪೂರ್ತಿ ಹೇಳಿಬಿಡು, ಆ 12,000ದ ವಿಷಯವನ್ನೂ ಸೇರಿಸಿ. ರಾತ್ರಿ ನಿದ್ದೆ ಬರುತ್ತಿಲ್ಲ ಅಂದರೆ ಅದನ್ನು ಸುಮ್ಮನೆ ಬಿಡಬೇಡ. ಟೆಲಿ ಮಾನಸ್ ಅಂತ ಸರ್ಕಾರದ ಸಹಾಯವಾಣಿ ಇದೆ, 14416. ಹಗಲು ರಾತ್ರಿ ಯಾವಾಗ ಬೇಕಾದರೂ ಮಾಡಬಹುದು, ಹಣ ಇಲ್ಲ, ಕನ್ನಡದಲ್ಲೇ ಮಾತಾಡುತ್ತಾರೆ. ಇದು ಹುಚ್ಚರಿಗೆ ಅನ್ನುವ ಭಾವನೆ ಬೇಡ. ಜ್ವರ ಬಂದರೆ ಡಾಕ್ಟರ ಹತ್ತಿರ ಹೋಗುವುದಿಲ್ವಾ?

ಕಾಗದಪತ್ರದ ಕೆಲಸವನ್ನು ಈ ವಾರವೇ ಮುಗಿಸು. ರಿಲೀವಿಂಗ್ ಲೆಟರ್, ಅನುಭವ ಪತ್ರ, ಸಂಬಳದ ಚೀಟಿಗಳು, ಫಾರ್ಮ್ 16, ಎಲ್ಲ ನಿನ್ನ ಸ್ವಂತ ಇಮೇಲಿನಲ್ಲಿ ಇವೆಯಾ ನೋಡು. ಐದು ವರ್ಷ ಪೂರ್ತಿ ದುಡಿದಿದ್ದರೆ ಕೆಲಸ ಬಿಡುವಾಗ ಕಂಪನಿ ಕೊಡಬೇಕಾದ ಗ್ರಾಚ್ಯುಟಿ ಹಣ ಕೇಳುವ ಹಕ್ಕು ನಿನಗಿದೆ, ಆರು ವರ್ಷ ಒಂದೇ ಕಡೆ ಇದ್ದೆ ಅಂದರೆ ಬಿಡಬೇಡ. ಪಿಎಫ್ ಖಾತೆಯಲ್ಲಿ ಕೆಲಸ ಬಿಟ್ಟ ದಿನಾಂಕ ಸರಿಯಾಗಿ ಹಾಕಿದ್ದಾರಾ ನೋಡು, ಅದಿಲ್ಲದೆ ಮುಂದೆ ತೊಂದರೆ. ಸರ್ಕಾರಿ ಕೆಲಸಕ್ಕೂ ಅರ್ಜಿ ಹಾಕುವ ಮನಸ್ಸಿದ್ದರೆ ಕಲ್ಯಾಣ ಕರ್ನಾಟಕದವರಿಗೆ ಮೀಸಲಾತಿ ಕೊಡುವ 371(ಜೆ) ಪ್ರಮಾಣಪತ್ರ ಮಾಡಿಸಿಟ್ಟುಕೋ, ಉಪವಿಭಾಗಾಧಿಕಾರಿ ಕಚೇರಿಯಿಂದ ಸಿಗುತ್ತದೆ. ಕೊನೇ ದಿನಾಂಕ ಹತ್ತಿರ ಬಂದಾಗ ಓಡಾಡುವುದು ಬೇಡ.

ಕಂಪ್ಯೂಟರ್ ಮುಟ್ಟಲು ಮನಸ್ಸಿಲ್ಲ ಅಂದೆಯಲ್ಲ, ಒತ್ತಾಯ ಮಾಡುವುದಿಲ್ಲ. ನನಗೂ ನಾಲ್ಕು ತಿಂಗಳು ಹಾಗೇ ಇತ್ತು. ಮತ್ತೆ ಮುಟ್ಟಿದ್ದು ಯಾಕೆ ಗೊತ್ತಾ? ನಮ್ಮ ಓಣಿಯ ಹಿಟ್ಟಿನ ಗಿರಣಿಯವರು ಬಂದು, ‘ತೂಕದ ಲೆಕ್ಕ ಬರೆಯೋದಕ್ಕೆ ಏನಾದರೂ ಮಾಡಿಕೊಡಪಾ’ ಅಂದರು. ಒಂದು ಎಕ್ಸೆಲ್ ಹಾಳೆ ಮಾಡಿಕೊಟ್ಟೆ. ಬೆಂಗಳೂರಲ್ಲಿ ನಾನು ಬರೆದದ್ದನ್ನು ಬಳಸುವವರ ಮುಖ ಒಂದು ದಿನವೂ ನೋಡಿರಲಿಲ್ಲ. ಇಲ್ಲಿ ಗಿರಣಿಯವರು ಹಿಟ್ಟು ಮೆತ್ತಿದ ಬೆರಳಿನಿಂದಲೇ ಕೀ ಒತ್ತಿ ಮೊತ್ತ ಬಂತು ಅಂತ ಹೆಂಡತಿಯನ್ನು ಕೂಗಿ ಕರೆದರು. ಗಂಗಾವತಿಯಲ್ಲಿ ಅಕ್ಕಿ ಗಿರಣಿಗಳಿಗೆ ಬರವಿಲ್ಲ. ಸಂಬಳ ಬೆಂಗಳೂರಿನಷ್ಟು ಸಿಗುವುದಿಲ್ಲ, ಆ ಮಾತು ಮುಚ್ಚಿಡುವುದಿಲ್ಲ. ನಿನಗೆ ಮತ್ತೆ ಬೆಂಗಳೂರಿಗೇ ಹೋಗಬೇಕು ಅನ್ನಿಸಿದರೆ ಹೋಗು, ಅದರಲ್ಲೂ ತಪ್ಪಿಲ್ಲ. ಅಷ್ಟರಲ್ಲಿ ಯಾರಿಗಾದರೂ ಒಂದು ಸಣ್ಣ ಕೆಲಸ ಮಾಡಿಕೊಡು. ಬಸ್‌ಸ್ಟ್ಯಾಂಡಿನಲ್ಲಿ ಕೇಳುವವರಿಗೆ ‘ಕೆಲಸ ಹೋಗಿದೆ, ಹುಡುಕುತ್ತಿದ್ದೇನೆ, ನಿಮಗೆ ಗೊತ್ತಿದ್ದರೆ ಹೇಳಿ’ ಅನ್ನು. ನಾನು ಹಾಗೆ ಹೇಳಲು ಶುರು ಮಾಡಿದ ಮೇಲೆಯೇ ಈ ಮಿಲ್ಲಿನ ಕೆಲಸದ ಸುದ್ದಿ ಬಂದದ್ದು, ಹಾಗೆ ಕೇಳಿದವರೊಬ್ಬರಿಂದಲೇ.

ಪ್ರಶ್ನೆ: ನಮ್ಮ ಮನೆಯಲ್ಲಿ ಜೀನ್ಸ್ ಹೊಲಿಯುವ ಕೆಲಸ. ಮಗ ಒಂಬತ್ತನೇ ತರಗತಿ. ಕೈಗೆ ಸಿಕ್ಕಿದ್ದನ್ನೆಲ್ಲ ಬಿಚ್ಚುತ್ತಾನೆ. ಮಿಕ್ಸರ್ ಬಿಚ್ಚಿದ, ಜೋಡಿಸಲು ಬರಲಿಲ್ಲ. ಅವನ ಮಾವನ ಫೋನ್ ಬಿಚ್ಚಿದ. ಅವರಪ್ಪ ಹೊಡೆಯಲು ಹೋಗುತ್ತಾರೆ. ನನಗೆ ಅವನ ಆಸೆ ಮುರಿಯಲು ಮನಸ್ಸಿಲ್ಲ, ಆದರೆ ಕರೆಂಟಿನ ಭಯ. (ಬಳ್ಳಾರಿ)

ಅಕ್ಕಾ, ನಿಮ್ಮ ಭಯ ಸರಿಯಾಗಿಯೇ ಇದೆ, ಅದರಿಂದಲೇ ಶುರು ಮಾಡುತ್ತೇನೆ. ಮೂರು ವಸ್ತು ಅವನು ಮುಟ್ಟಬಾರದು. ಒಂದು, ಮೈಕ್ರೋವೇವ್ ಒಲೆ. ಎರಡು, ಕಂಪ್ಯೂಟರಿನ ಪವರ್ ಸಪ್ಲೈ ಪೆಟ್ಟಿಗೆ. ನಮ್ಮ ಮನೆಯ 230 ವೋಲ್ಟ್ ಕರೆಂಟ್ ಅದರ ಒಳಗೆ ಹೋಗಿ ಸುಮಾರು 325 ವೋಲ್ಟ್ ಡಿಸಿ ಆಗಿ, ಕರೆಂಟ್ ಕೂಡಿಟ್ಟುಕೊಳ್ಳುವ ಕೆಪಾಸಿಟರ್ ಅನ್ನುವ ಬಿಡಿಭಾಗದಲ್ಲಿ ನಿಲ್ಲುತ್ತದೆ, ಪ್ಲಗ್ ಕಿತ್ತ ಮೇಲೂ ಸ್ವಲ್ಪ ಹೊತ್ತು ಇರಬಹುದು. ಮೂರು, ಉಬ್ಬಿದ ಫೋನ್ ಬ್ಯಾಟರಿ. ಚುಚ್ಚಿದರೆ ಬೆಂಕಿ ಹತ್ತಬಹುದು. ಇವು ಮೂರನ್ನು ಕಾಗದದ ಮೇಲೆ ಅವನ ಕೈಯಲ್ಲೇ ಬರೆಸಿ ಗೋಡೆಗೆ ಅಂಟಿಸಿ.

ಉಳಿದದ್ದನ್ನು ಬಿಚ್ಚಲಿ. ಗುಜರಿಗೆ ಹೋಗುವ ಕೀಬೋರ್ಡ್, ರೇಡಿಯೋ, ಸಣ್ಣ ಫ್ಯಾನ್ ತಂದುಕೊಡಿ. ಕೊಡುವ ಮೊದಲು ಪ್ಲಗ್ ಇರುವ ವೈರನ್ನು ಕತ್ತರಿಸಿಬಿಡಿ, ಆಗ ಅವನು ಮರೆತರೂ ಗೋಡೆಗೆ ಹಾಕಲು ಬರುವುದಿಲ್ಲ. ಒಂದೊಂದು ಸ್ಕ್ರೂ ತೆಗೆಯುವ ಮೊದಲು ಫೋಟೋ ತೆಗೆಯಲು ಹೇಳಿ. ಹಳೇ ಇಡ್ಲಿ ತಟ್ಟೆ ಒಂದಿದ್ದರೆ ಕೊಡಿ, ಮೊದಲ ಗುಳಿಯಲ್ಲಿ ಮೊದಲು ಬಿಚ್ಚಿದ ಸ್ಕ್ರೂ, ಎರಡನೆಯದರಲ್ಲಿ ಆಮೇಲಿನವು, ಹೀಗೆ. ಜೋಡಿಸುವಾಗ ಹಿಂದಿನಿಂದ ಬಂದರೆ ಸಾಕು. ಕರೆಂಟ್, ವೋಲ್ಟೇಜ್ ಅಳೆಯುವ ಒಂದು ಸಾಧಾರಣ ಮಲ್ಟಿಮೀಟರ್ ಕೊಡಿಸಿ, ಈಗಿನ ವಯಸ್ಸಿಗೆ ಫೋನಿಗಿಂತ ಅದು ಒಳ್ಳೆಯದು.

ಇನ್ನೊಂದು ಮಾತು, ಇದನ್ನು ನಿಮ್ಮ ಯಜಮಾನರಿಗೂ ಓದಿ ಹೇಳಿ. ಹೊಲಿಗೆ ಮೆಷಿನ್ ನಿಂತರೆ ಮನೆಯಲ್ಲಿ ಯಾರು ಬಿಚ್ಚುತ್ತಾರೆ? ಬೆಲ್ಟ್ ಬಿಗಿ ಮಾಡುವುದು, ಎಣ್ಣೆ ಬಿಡುವುದು, ಸೂಜಿಯ ಟೈಮಿಂಗ್ ಕೂರಿಸುವುದು ಅವರೇ ಅಲ್ವಾ? ಹುಡುಗ ಅದನ್ನು ನೋಡುತ್ತಲೇ ಬೆಳೆದಿದ್ದಾನೆ. ಮುಂದಿನ ಸಲ ಮೆಷಿನ್ ಬಿಚ್ಚುವಾಗ ಅವನನ್ನು ಪಕ್ಕದಲ್ಲಿ ಕೂರಿಸಿಕೊಂಡು ಸ್ಪ್ಯಾನರ್ ಅವನ ಕೈಗೆ ಕೊಡಲಿ. ಅವನಿಗೆ ಬೇಕಾದ ಮೊದಲ ಗುರು ಮನೆಯಲ್ಲೇ ಇದ್ದಾರೆ.

ಮುಂದಿನ ತಿಂಗಳು ಎರಡನೇ ಭಾನುವಾರ ನಾನು ಬಳ್ಳಾರಿಗೆ ಬರುತ್ತಿದ್ದೇನೆ. ಅಲ್ಲಿನ ಕೆಲವು ಹುಡುಗರು ಕೆಟ್ಟ ವಸ್ತುಗಳನ್ನು ತಂದು ಕೂತು ರಿಪೇರಿ ಮಾಡುವ ಒಂದು ಬೆಳಗು ಇಟ್ಟುಕೊಂಡಿದ್ದಾರೆ. ಜಾಗದ ವಿವರ ನಿಮ್ಮ ನಂಬರಿಗೆ ಕಳಿಸುತ್ತೇನೆ. ಅವನನ್ನು ಕರೆದುಕೊಂಡು ಬನ್ನಿ, ಅವರಪ್ಪನೂ ಬರಲಿ. ಆ ಮಿಕ್ಸರಿನ ಎಲ್ಲ ತುಂಡುಗಳನ್ನೂ ಒಂದು ಚೀಲದಲ್ಲಿ ಹಾಕಿಕೊಂಡು ತನ್ನಿ.